ಪಕ್ಕದಲ್ಲೇ ಇದ್ದ ಇನ್ನೊಂದು ವಂಶವಾಹಿ

ಗ್ರಾಜ್ ನಗರದ ವೈದ್ಯ ಗೈಡೊ ವೆರ್ಡ್ನಿಗ್ 1891ರಲ್ಲಿ ಇಬ್ಬರು ಪುಟ್ಟ ಸಹೋದರರ ಕಾಯಿಲೆಯನ್ನು ಬರೆದಿಟ್ಟರು. ಕೂಸಿನ ಕಣ್ಣಲ್ಲಿ ಚುರುಕು. ಆದರೆ ಕತ್ತು ನಿಲ್ಲದು, ಕಾಲು ಒದೆಯದು. ಸ್ನಾಯುಗಳನ್ನು ಆಡಿಸುವ ಬೆನ್ನುಹುರಿಯ ನರಕೋಶಗಳು ಸಾಯುವುದು ಆಗಲೇ ಕಂಡಿತ್ತು. ಯಾಕೆ ಸಾಯುತ್ತವೆ ಎಂದು ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. ಇಂದು ಈ ಕಾಯಿಲೆಯನ್ನು ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ (ಎಸ್‌ಎಂಎ) ಎನ್ನುತ್ತೇವೆ.

1995ರಲ್ಲಿ ಪ್ಯಾರಿಸ್‌ನ ಜುಡಿತ್ ಮೆಲ್ಕಿ ಅವರ ತಂಡ ಐದನೇ ವರ್ಣತಂತುವಿನಲ್ಲಿ ಎಸ್‌ಎಂಎನ್1 ಎಂಬ ವಂಶವಾಹಿಯನ್ನು ಗುರುತಿಸಿತು. ಬಹುಪಾಲು ರೋಗಿಗಳಲ್ಲಿ ಅದು ಅಳಿಸಿಹೋಗಿತ್ತು. ಆದರೆ ಅದರ ಪಕ್ಕದಲ್ಲೇ, ಹೆಚ್ಚುಕಡಿಮೆ ಅದರಂತೆಯೇ ಇರುವ ಎಸ್‌ಎಂಎನ್2 ಇತ್ತು, ರೋಗಿಗಳಲ್ಲೂ ಇತ್ತು. ಮತ್ತೇಕೆ ಅದು ಮಗುವನ್ನು ಕಾಯಲಿಲ್ಲ?

ಈ ಇಡೀ ಕಥೆಯಲ್ಲಿ ನನಗೆ ಅತಿ ದೊಡ್ಡದೆನಿಸುವುದು ಈ ಪ್ರಶ್ನೆ. ಎರಡರ ನಡುವಿನ ನಿರ್ಣಾಯಕ ವ್ಯತ್ಯಾಸ ಒಂದೇ ಅಕ್ಷರ: ಏಳನೇ ಎಕ್ಸಾನ್‌ನಲ್ಲಿ, ಅಂದರೆ ವಂಶವಾಹಿಯ ಸಂದೇಶದಲ್ಲಿ ಉಳಿಯಬೇಕಾದ ಏಳನೇ ತುಣುಕಿನಲ್ಲಿ, 'ಸಿ' ಇರಬೇಕಾದಲ್ಲಿ 'ಟಿ'. ಅದರಿಂದ ಪ್ರೋಟೀನಿನ ಒಂದು ಅಮೈನೋ ಆಮ್ಲವೂ ಬದಲಾಗುವುದಿಲ್ಲ. ಏಟು ಬೀಳುವುದು ಬೇರೆ ಕಡೆ ಎಂದು 1999ರಲ್ಲಿ ಗೊತ್ತಾಯಿತು. ಆರ್‌ಎನ್‌ಎಯ ತುಣುಕುಗಳನ್ನು ಕತ್ತರಿಸಿ ಬೆಸೆಯುವಾಗ, ಆ ಒಂದು ಅಕ್ಷರದಿಂದಾಗಿ ಏಳನೇ ಎಕ್ಸಾನ್ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಹುಟ್ಟುವ ಮೊಟಕು ಪ್ರೋಟೀನು ಬೇಗ ನಾಶವಾಗುತ್ತದೆ. ಪೂರ್ಣ ಪ್ರೋಟೀನು ಸಿಗುವುದು ಅಲ್ಪಸ್ವಲ್ಪ ಮಾತ್ರ. ಎಸ್‌ಎಂಎನ್2 ಪ್ರತಿಗಳು ಹೆಚ್ಚಿದ್ದ ಮಕ್ಕಳಲ್ಲಿ ರೋಗ ಸೌಮ್ಯವಾಗಿರುವುದೇಕೆ ಎಂಬುದೂ ಇದರಿಂದ ಸ್ಪಷ್ಟವಾಯಿತು.

ಅಂದಮೇಲೆ ಕಳೆದುಹೋದದ್ದನ್ನು ತರುವ ಮೊದಲು, ಇರುವುದನ್ನೇ ದುಡಿಸಿಕೊಳ್ಳಬಹುದಲ್ಲ! 2006ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ನಟಾಲಿಯಾ ಸಿಂಗ್, ರವೀಂದ್ರ ಸಿಂಗ್ ಮತ್ತು ಸಂಗಡಿಗರು ಏಳನೇ ಎಕ್ಸಾನ್‌ನ ಆಚೆ, ಅದು ಆರ್‌ಎನ್‌ಎಯಲ್ಲಿ ಸೇರದಂತೆ ತಡೆಯುವ ಪುಟ್ಟ ಸರಣಿಯೊಂದನ್ನು ತೋರಿಸಿಕೊಟ್ಟರು. ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ಏಡ್ರಿಯನ್ ಕ್ರೈನರ್ ಮತ್ತು ಔಷಧ ವಿಜ್ಞಾನಿ ಫ್ರಾಂಕ್ ಬೆನೆಟ್ ಅವರ ತಂಡಗಳು ಅಲ್ಲಿಗೆ ಅಂಟಿಕೊಂಡು ತಡೆಯನ್ನು ಮುಚ್ಚಿಹಾಕುವ ಔಷಧವನ್ನು ರೂಪಿಸಿದವು. ಬೆನ್ನುಹುರಿಯ ದ್ರವಕ್ಕೆ ಚುಚ್ಚುವ ಆ ನುಸಿನರ್ಸೆನ್‌ಗೆ 2016ರ ಡಿಸೆಂಬರ್‌ನಲ್ಲಿ ಅಮೆರಿಕದ ಅನುಮತಿ ದೊರೆಯಿತು. 2019ರಲ್ಲಿ ವೈರಸ್‌ನ ಮೂಲಕ ಹೊಸ ವಂಶವಾಹಿಯನ್ನೇ ಸೇರಿಸುವ ಚಿಕಿತ್ಸೆ, 2020ರಲ್ಲಿ ಬಾಯಿಗೆ ಹಾಕುವ ರಿಸ್ಡಿಪ್ಲಾಮ್ ಬಂದವು.

ಆ ವಂಶವಾಹಿ ಚಿಕಿತ್ಸೆಯ ಒಂದೇ ಒಂದು ಡೋಸ್‌ಗೆ 2021ರಲ್ಲಿ ಸುಮಾರು 16 ಕೋಟಿ ರೂಪಾಯಿ ಬೆಲೆಯಿತ್ತು. ಕರ್ನಾಟಕದ ಹೆತ್ತವರೂ ಅದಕ್ಕಾಗಿ ಜನರ ಮುಂದೆ ಕೈಚಾಚಿದ್ದಾರೆ. ಸತ್ತ ನರಕೋಶವನ್ನು ಈ ಯಾವ ಔಷಧವೂ ಬದುಕಿಸದು. ಆದರೆ ಲಕ್ಷಣ ಕಾಣುವ ಮೊದಲೇ ಔಷಧ ಶುರುವಾದ ಮಕ್ಕಳಲ್ಲಿ ಹೆಚ್ಚಿನವರು ನಡೆದಾಡುತ್ತಿದ್ದಾರೆ. ಅದಕ್ಕೆ ಬೇಕಾದದ್ದು ಹುಟ್ಟಿದ ಕೂಡಲೇ ಹಿಮ್ಮಡಿಯಿಂದ ತೆಗೆಯುವ ಒಂದೆರಡು ಹನಿ ರಕ್ತದ ಪರೀಕ್ಷೆ. ಅದು ನಮ್ಮ ಪ್ರತಿ ಹೆರಿಗೆ ಆಸ್ಪತ್ರೆಯಲ್ಲೂ ಆಗಬೇಕು.