ನಾಣ್ಯ ಪರೀಕ್ಷೆ

ಯಾರಾದರೂ ನಿಜವನ್ನು ನುಡಿದರೆ ‘ಹದಿನಾರಾಣೆ ಸತ್ಯ’ ಎನ್ನುತ್ತೇವೆ. ಕೆಲಸಕ್ಕೆ ಬಾರದ ವಸ್ತುವನ್ನು ಕಂಡರೆ ‘ಇದಕ್ಕೆ ತೂತು ಕಾಸಿನ ಬೆಲೆಯೂ ಇಲ್ಲ’ ಎನ್ನುತ್ತೇವೆ. ದಶಮಾಂಶ ನಾಣ್ಯಪದ್ಧತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 1957ನೆಯ ಇಸವಿ ಏಪ್ರಿಲ್ 1ರಂದು. ಅಣೆಯನ್ನು ಕೈಯಲ್ಲಿ ಹಿಡಿದು ಸಂತೆಗೆ ಹೋದವರು ಈಗ ನಮ್ಮ ಅಜ್ಜ ಅಜ್ಜಿಯರ ಪೈಕಿ ಕೆಲವರು ಮಾತ್ರ. ಆದರೂ ರೂಪಾಯಿಗೆ ಹದಿನಾರಾಣೆ, ಅಣೆಗೆ ನಾಲ್ಕು ಕಾಸು, ಕಾಸಿಗೆ ಮೂರು ಪೈ ಎಂಬ ಆ ಲೆಕ್ಕ ನಮ್ಮ ನಾಲಗೆಯ ಮೇಲೆ ಇನ್ನೂ ಚಲಾವಣೆಯಲ್ಲಿದೆ. ತೂತು ಕಾಸೂ ಕಟ್ಟುಕಥೆಯಲ್ಲ; ಮಹಾಯುದ್ಧದ ಕಾಲದಲ್ಲಿ ತಾಮ್ರವನ್ನು ಉಳಿಸುವುದಕ್ಕಾಗಿ 1943ರಿಂದ 1947ರವರೆಗೆ ನಡುವೆ ತೂತಿರುವ ಕಾಸನ್ನು ಅಚ್ಚು ಹಾಕಿದ್ದರು.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ, ಕೆಂಗೇರಿಯ ನಮ್ಮ ಮನೆಯ ಒಂದು ಹಿತ್ತಾಳೆಯ ಡಬ್ಬಿಯಿಂದ. ಅದರೊಳಗೆ ಅಜ್ಜಿ ಹನ್ನೊಂದು ಬೆಳ್ಳಿ ರೂಪಾಯಿಗಳನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ವರ್ಷಕ್ಕೊಮ್ಮೆ, ಲಕ್ಷ್ಮೀಪೂಜೆಯ ದಿನ, ಅವು ಹೊರಗೆ ಬರುತ್ತಿದ್ದವು. ಪಿ.ಯು.ಸಿ. ಮುಗಿದ ರಜೆಯಲ್ಲಿ ನಾನು ಅವುಗಳ ಇಸವಿಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಆ ಒಂದು ಪುಟ ಮುಂದೆ ನನ್ನನ್ನು ನಾಚಿಸಿತು, ಹೇಗೆಂಬುದನ್ನು ಹೇಳುತ್ತೇನೆ.

ಮೊದಲು ಈ ರೂಪಾಯಿಯ ವಂಶಾವಳಿಯನ್ನು ಸ್ವಲ್ಪ ನೋಡೋಣ. ನಮ್ಮ ಮೈಸೂರು ಸೀಮೆಗೆ ತನ್ನದೇ ಟಂಕಸಾಲೆ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ಸಿಂಹದ ಚಿತ್ರವೂ, ಕನ್ನಡದಲ್ಲಿ ‘ಮಯಿಲಿ ಕಾಸು’ ಎಂಬ ಬರಹವೂ, ಜೊತೆಗೆ ಇಂಗ್ಲಿಷ್ ಅಕ್ಷರಗಳೂ ಒಂದೇ ಬಿಲ್ಲೆಯ ಮೇಲೆ ಇರುವುದುಂಟು. ಆಡಳಿತವು ಬ್ರಿಟಿಷ್ ಕಮಿಷನರ ಕೈಸೇರಿದ ಮೇಲೆ ಟಂಕಸಾಲೆ 1833ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಬಂದು, 1843ರಲ್ಲಿ ಮುಚ್ಚಿಯೇಹೋಯಿತು. ಅಷ್ಟರಲ್ಲಿ, 1835ರಲ್ಲಿಯೇ, ಕಂಪನಿ ಸರಕಾರ ತನ್ನ ಎಲ್ಲ ಪ್ರಾಂತಗಳಿಗೂ ಒಂದೇ ಬಗೆಯ ರೂಪಾಯಿಯನ್ನು ಗೊತ್ತುಮಾಡಿತ್ತು. ತೂಕ 180 ಗ್ರೇನ್, ಅಂದರೆ ಒಂದು ತೊಲ. ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ನಾಲ್ವಡಿ ವಿಲಿಯಂ, ವಿಕ್ಟೋರಿಯಾ, ಕಿರೀಟವಿಲ್ಲದ ಬೋಳುತಲೆಯ ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್, ಆರನೆಯ ಜಾರ್ಜ್—ಮುಖಗಳು ಬದಲಾದರೂ 1939ರವರೆಗೆ ತೂಕವೂ ಬೆಳ್ಳಿಯೂ ಬದಲಾಗಲಿಲ್ಲ. 1940ರಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್ಲು.

ಹಳೆಯದೆಲ್ಲ ಬೆಲೆಯುಳ್ಳದ್ದು ಎಂದು ಬಹುಮಂದಿ ನಂಬಿದ್ದಾರೆ. ನಾನೂ ನಂಬಿದ್ದೆ. ಆದರೆ ನಾಣ್ಯದ ಬೆಲೆಗೆ ವಯಸ್ಸು ಮುಖ್ಯ ಕಾರಣವಲ್ಲ. ಒಂದನೆಯದು ಲೋಹ: ಹಳೆಯ ರೂಪಾಯಿಯೊಂದರಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿಯಿದೆ. ಆ ದಿನದ ಧಾರಣೆಯಿಂದ ಗುಣಿಸಿದರೆ ತಳದ ಬೆಲೆ ದೊರೆಯುತ್ತದೆ. ಎರಡನೆಯದು ಉಳಿದಿರುವ ಸಂಖ್ಯೆ: 1840 ಎಂಬ ಇಸವಿಯ ವಿಕ್ಟೋರಿಯಾ ರೂಪಾಯಿಗಳನ್ನು ಅದೇ ಇಸವಿ ಹಾಕಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅಚ್ಚು ಹಾಕಿದರು, ಆದ್ದರಿಂದ ಅವು ವಯಸ್ಸಾದವುಗಳೇ ಹೊರತು ಅಪರೂಪದವಲ್ಲ. ಮೂರನೆಯದು ಸ್ಥಿತಿ: ರಾಣಿಯ ಕೂದಲಿನ ಎಳೆ, ಹೂಬಳ್ಳಿಯ ಎಲೆಯ ನರ ಕಾಣುತ್ತಿದ್ದರೆ ಒಂದು ಬೆಲೆ, ಸವೆದುಹೋಗಿದ್ದರೆ ಇನ್ನೊಂದು. ನಾಲ್ಕನೆಯದು, ಕೊಳ್ಳುವವರ ಬಯಕೆ. ಈ ನಾಲ್ಕನೆಯದೇ ಮೋಸಕ್ಕೂ ಬಾಗಿಲು.

ಬಯಕೆ ಹೆಚ್ಚಾಗಿರುವ ರೂಪಾಯಿಗಳಲ್ಲಿ 1939ರದು ಒಂದು. ಮುಂಬಯಿಯಲ್ಲಿ ಅಚ್ಚಾದ ಅದು ಉಳಿದಿರುವುದು ಬಹಳ ಕಡಮೆ. 1938ರದಾದರೋ ಎಲ್ಲೆಲ್ಲಿಯೂ ಸಿಗುತ್ತದೆ. ನಾನು ಬಿ.ಎ. ಮೊದಲ ವರ್ಷದಲ್ಲಿದ್ದಾಗ ಒಂದು ಭಾನುವಾರ, ಮಾಗಡಿ ರಸ್ತೆಯ ಬದಿಯಲ್ಲಿ ಬಟ್ಟೆ ಹಾಸಿ ಹಳೆಯ ನಾಣ್ಯಗಳನ್ನು ಹರಡಿದ್ದವನೊಬ್ಬನ ಬಳಿ 1939ರ ರೂಪಾಯಿಯನ್ನು ಕಂಡೆ. ಅವನು ಹಣ ಕೇಳಲಿಲ್ಲ. ‘ಹಳೆಯ ಬೆಳ್ಳಿ ರೂಪಾಯಿ ಐದು ಕೊಡು, ಸಾಕು’ ಎಂದ. ಇದನ್ನು ಮಾರಿ ತಂಗಿಯ ಕಾಲೇಜು ಫೀಸನ್ನು ಕಟ್ಟಿಬಿಡಬಹುದೆಂದು ನನ್ನ ಲೆಕ್ಕ. ಮುಂದಿನ ಭಾನುವಾರ ಅಜ್ಜಿಗೆ ಹೇಳದೆ ಡಬ್ಬಿಯಿಂದ ಐದನ್ನು ತೆಗೆದುಕೊಂಡು ಹೋದೆ.

ನಾನು ಪರೀಕ್ಷೆ ಮಾಡದೆ ಕೊಳ್ಳಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಯಸ್ಕಾಂತವನ್ನು ಹಿಡಿದೆ, ಅಂಟಲಿಲ್ಲ. ಬೆಳ್ಳಿಗೆ ಅದು ಅಂಟಬಾರದು. (1947ರ ನಿಕ್ಕಲ್ ರೂಪಾಯಿಗೆ ಮಾತ್ರ ಅಂಟಲೇಬೇಕು, ಅಲ್ಲಿ ಅಂಟದಿದ್ದರೆ ಅದೇ ಸಂಶಯ.) ಬೆರಳ ತುದಿಯಲ್ಲಿಟ್ಟು ಇನ್ನೊಂದರಿಂದ ತಟ್ಟಿದೆ, ಬೆಳ್ಳಿಯ ನಾದ ಎಳೆಯಾಗಿ ನಿಂತಿತು. ಸೀಸ ಬೆರೆಸಿ ಎರಕ ಹೊಯ್ದದ್ದಾದರೆ ‘ಟಪ್’ ಎಂದು ಸತ್ತುಹೋಗುತ್ತದೆ. ಬಸವೇಶ್ವರನಗರದ ಅಕ್ಕಸಾಲಿಗರೊಬ್ಬರ ತಕ್ಕಡಿಯಲ್ಲಿ ತೂಗಿಸಿದೆ; 11.6 ಗ್ರಾಂ ಮೇಲಿತ್ತು. ಅವರೇ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು, ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳ ತಾಗದಂತೆ ನೀರಿನಲ್ಲಿ ಮುಳುಗಿಸಿ ತೋರಿಸಿದರು. ತೂಕ ಎಷ್ಟು ಏರುವುದೋ ಅಷ್ಟು ನೀರನ್ನು ನಾಣ್ಯ ಸರಿಸಿದೆಯೆಂದು ಅರ್ಥ. ನಿಜವಾದ ರೂಪಾಯಿಗೆ ಅದು ಸುಮಾರು 1.13 ಗ್ರಾಂ, ಹಿತ್ತಾಳೆಯ ಜಾತಿಯ ಲೋಹವಾದರೆ 1.3ಕ್ಕೂ ಮೇಲೆ ಹೋಗುತ್ತದೆ. ಆರ್ಕಿಮಿಡೀಸನ ಈ ತತ್ತ್ವವನ್ನು ಹೈಸ್ಕೂಲಿನಲ್ಲಿ ಉರುಹೊಡೆದಿದ್ದೆ. ಉಪಯೋಗಕ್ಕೆ ಬಂದದ್ದು ಅಂದೇ. ಎಲ್ಲದರಲ್ಲಿಯೂ ನನ್ನ ನಾಣ್ಯ ತೇರ್ಗಡೆಯಾಯಿತು. ಹಿಗ್ಗಿ ಮನೆಗೆ ಬಂದೆ.

ಎರಡು ತಿಂಗಳ ಮೇಲೆ ನಮ್ಮ ಅಧ್ಯಾಪಕರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರವನ್ನು ನನ್ನ ಕೈಗೆ ಕೊಟ್ಟು, ‘ಇಸವಿಯಲ್ಲಿ ಒಂಬತ್ತು ಎರಡು ಸಲ ಬರುತ್ತದಲ್ಲ, ಎರಡನ್ನೂ ಹೋಲಿಸಿ ನೋಡು’ ಎಂದರು. ನೋಡಿದೆ. ಎರಡನೆಯ ಸ್ಥಾನದ ಒಂಬತ್ತು ದುಂಡಗೆ, ನಯವಾಗಿ ಎದ್ದು ನಿಂತಿತ್ತು. ಕೊನೆಯ ಒಂಬತ್ತರ ಬಾಲ ಮೊಂಡಾಗಿತ್ತು. ಅದರ ಎಡಗಡೆ ಕೆಳಗೆ ನೆಲ ತುಸು ತಗ್ಗಾಗಿ, ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಹರಿದಿದ್ದವು. ಎಂಟರ ಕೆಳಹೊಟ್ಟೆಯ ಎಡಭಾಗವನ್ನು ಕೆತ್ತಿ ತೆಗೆದರೆ ಒಂಬತ್ತಾಗುತ್ತದೆ! ನನ್ನ ಕೈಯಲ್ಲಿದ್ದುದು 1938ರ ನಿಜವಾದ ರೂಪಾಯಿ. ತೂಕ, ನಾದ, ಲೋಹ ಎಲ್ಲವೂ ನಿಜವಾಗಿದ್ದುದರಿಂದಲೇ ಎಲ್ಲ ಪರೀಕ್ಷೆಗಳಲ್ಲಿಯೂ ಗೆದ್ದಿತ್ತು. ಸುಳ್ಳಾಗಿದ್ದುದು ಒಂದೇ ಒಂದು ಅಂಕೆ, ಆ ಅಂಕೆಯನ್ನು ನಾನು ಪರೀಕ್ಷಿಸಿರಲಿಲ್ಲ. ಪ್ರತಿಯೊಂದು ಪರೀಕ್ಷೆಯೂ ತಾನು ಕೇಳಿದ ಪ್ರಶ್ನೆಗಷ್ಟೇ ಉತ್ತರ ಹೇಳುತ್ತದೆಂಬ ಪಾಠವನ್ನು ಅಂದು ಕಲಿತೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ನೋಟುಬುಕ್ಕನ್ನು ತೆರೆದು, ಕೊಟ್ಟ ಐದರ ಇಸವಿಗಳನ್ನು ಓದಿದೆ. ಅವುಗಳಲ್ಲಿ ಒಂದು 1911. ಆ ವರ್ಷದ ಐದನೆಯ ಜಾರ್ಜನ ರೂಪಾಯಿಯಲ್ಲಿ ದೊರೆಯ ಎದೆಯ ಪದಕದ ಆನೆಗೆ ಸೊಂಡಿಲು ಮೋಟಾಗಿ, ನೋಡುವವರಿಗೆ ಹಂದಿಯಂತೆ ಕಾಣಿಸಿತು. ಜನರು ಮುನಿಸಿಕೊಂಡರು. ಅಚ್ಚಾಗಿದ್ದ ಸುಮಾರು 94 ಲಕ್ಷದಲ್ಲಿ ಹೊರಗೆ ಬಂದದ್ದು ಸುಮಾರು 7 ಲಕ್ಷ. ಉಳಿದವನ್ನು ಕರಗಿಸಿ, 1912ರಲ್ಲಿ ಆನೆಯ ಸೊಂಡಿಲನ್ನು ತಿದ್ದಿದರು. ಅದೇ ಸಂಗ್ರಾಹಕರು ಹೇಳುವ ‘ಹಂದಿ ರೂಪಾಯಿ’. ಅಪರೂಪದ ನಾಣ್ಯವನ್ನು ಹುಡುಕಿಕೊಂಡು ಹೋದ ನಾನು, ಮನೆಯಲ್ಲಿದ್ದ ಅಪರೂಪದ ನಾಣ್ಯವನ್ನು ಕೊಟ್ಟು ಸುಳ್ಳು ನಾಣ್ಯವನ್ನು ತಂದಿದ್ದೆ.

ಹಂದಿ ರೂಪಾಯಿಯದು ಚಿತ್ರಗಾರನ ತಪ್ಪು. ಟಂಕಸಾಲೆಯ ತಪ್ಪುಗಳು ಬೇರೆ. ಬಿಲ್ಲೆಯು ಎರಡು ಅಚ್ಚುಗಳ ನಡುವೆ ಸರಿಯಾಗಿ ಕೂರದಿದ್ದರೆ ಚಿತ್ರ ಒಂದು ಪಕ್ಕಕ್ಕೆ ಸರಿಯುತ್ತದೆ. ಒತ್ತಿದ ನಾಣ್ಯ ಮೇಲಿನ ಅಚ್ಚಿಗೇ ಅಂಟಿಕೊಂಡರೆ ಮುಂದಿನ ಬಿಲ್ಲೆಯ ಮೇಲೆ ಅದೇ ಮುಖ ತಗ್ಗಾಗಿ, ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ ಮೂಡುತ್ತದೆ. ಅಚ್ಚು ಸಡಿಲವಾಗಿ ತಿರುಗಿದರೆ, ಪುಸ್ತಕದ ಹಾಳೆಯಂತೆ ನಾಣ್ಯವನ್ನು ಮಗುಚಿದಾಗ ಹಿಂಬದಿ ಓರೆಯಾಗಿ ಕಾಣುತ್ತದೆ. ಇವಕ್ಕೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ಆದರೆ ಸುತ್ತಿಗೆಯ ಪೆಟ್ಟು, ಸರಕ್ಕೆ ಬೆಸೆದ ಗುರುತು, ಎರಡು ನಾಣ್ಯಗಳನ್ನು ಇಕ್ಕುಳದಲ್ಲಿ ಹಿಸುಕಿದ ಗುರುತು—ಇವು ಗಾಯಗಳೇ ಹೊರತು ತಪ್ಪುಗಳಲ್ಲ. ಗುರುತಿಸುವ ಬಗೆ ಸುಲಭ: ಟಂಕಸಾಲೆಯಲ್ಲಿ ಒಂದೇ ಕ್ಷಣದಲ್ಲಿ ಎರಡು ಮುಖಗಳಿಗೂ ಒತ್ತಡ ಬೀಳುತ್ತದೆ. ಒಂದು ಮುಖದ ವಿಕಾರವನ್ನು ಇನ್ನೊಂದು ಮುಖವೂ ಅಂಚೂ ವಿವರಿಸುವಂತಿರಬೇಕು. ಹಾಗಿಲ್ಲದಿದ್ದರೆ ಅದು ಹೊರಗೆ ಆದ ಗಾಯ.

ಇನ್ನೊಂದು ಬಗೆಯ ಸುಳ್ಳು ನಮ್ಮ ವಿಜಯನಗರ, ರಾಜಾಜಿನಗರದ ಮನೆಗಳ ದೇವರ ಕೋಣೆಗಳಲ್ಲಿಯೂ ಇದೆ. ಒಂದು ಕಡೆ ರಾಮಸೀತೆಯರು ಅಥವಾ ಆಂಜನೇಯ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ. ಕಂಪನಿಯವರು ಮದರಾಸಿನಲ್ಲಿ ‘ಮೂರು ಸ್ವಾಮಿ ವರಹ’ವನ್ನು ಹೊರಡಿಸಿದ್ದುಂಟು, ಆದರೆ ಅದು ಪುಟ್ಟ ಚಿನ್ನದ ನಾಣ್ಯ. ಈ ದಪ್ಪ ತಾಮ್ರದ ಬಿಲ್ಲೆಗಳು ಯಾವ ಟಂಕಸಾಲೆಯವೂ ಅಲ್ಲ, ಈಚೆಗೆ ಮಾರಾಟಕ್ಕೆಂದೇ ಮಾಡಿದವು. ಅಕ್ಕಿಯನ್ನು ಸೆಳೆಯುವ ಶಕ್ತಿ ಇವಕ್ಕಿದೆಯೆಂದು ನಂಬಿಸಿ ಲಕ್ಷಗಟ್ಟಲೆ ಹಣವನ್ನು ದೋಚಿದ ಪ್ರಕರಣಗಳು ಉಂಟು. ಹಳೆಯ ನಾಣ್ಯಕ್ಕೆ ದೊಡ್ಡ ಹಣ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿರಿ ಎಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಕೇಳುವವರನ್ನು ನಂಬಬೇಡಿರೆಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ತಂತ್ರ ಹೊಸದು, ಆಸೆ ಹಳೆಯದು.

ಸಂಗ್ರಹಿಸಬಯಸುವ ಮಿತ್ರರಿಗೆ ಎರಡು ಮಾತು. ನಾಣ್ಯವನ್ನು ಹುಣಸೆಹಣ್ಣಿನಿಂದಲೋ ಬೂದಿಯಿಂದಲೋ ತಿಕ್ಕಬೇಡಿರಿ. ಕಾಲ ಕೊಟ್ಟ ಕಪ್ಪೇ ಅದರ ಕವಚ. ನೆಲದಲ್ಲಿ ನಿಧಿ ಸಿಕ್ಕರೆ ಬಚ್ಚಿಡಬೇಡಿರಿ. ನಿಧಿ ಕಾಯಿದೆಯಂತೆ ಸರಕಾರಕ್ಕೆ ತಿಳಿಸಬೇಕು. ನಮ್ಮ ನೆರೆಯ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಅವು ಯಾರದೋ ಮೂಸೆಯಲ್ಲಿ ಕರಗಿಹೋಗಿದ್ದರೆ ಈ ನೆಲಕ್ಕೂ ರೋಮಿಗೂ ಇದ್ದ ನಂಟು ನಮಗೆ ತಿಳಿಯುತ್ತಿರಲಿಲ್ಲ.

ಕೊನೆಗೆ ನನ್ನ ರೂಪಾಯಿಯ ವಿಷಯ. ರಾಜಾಜಿನಗರದ ಸಹಪಾಠಿಯೊಬ್ಬ, ವಿಷಯ ತಿಳಿಯದೆ, ಅದನ್ನು ಕೊಳ್ಳಲು ಮುಂದೆ ಬಂದ. ಅವನು ಹೇಳಿದ ಹಣದಲ್ಲಿ ತಂಗಿಯ ಫೀಸು ತೀರುತ್ತಿತ್ತು. ಒಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಮಸೂರವನ್ನು ಅವನ ಕೈಗೆ ಕೊಟ್ಟು ಎರಡು ಒಂಬತ್ತನ್ನೂ ತೋರಿಸಿದೆ. ಆ ಸಂಜೆ ಅಜ್ಜಿಗೂ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಉಳಿದ ಆರನ್ನು ಎಣಿಸಿ ಡಬ್ಬಿಗೆ ಹಾಕಿ, ‘ಕೇಳಿದ್ದರೆ ನಾನೇ ಕೊಡುತ್ತಿದ್ದೆನಲ್ಲೋ’ ಎಂದರು. ನನ್ನನ್ನು ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ನಮ್ಮ ಭಾಷೆಯಲ್ಲಿ ನಂಬಿಕೆಗೆ ಯೋಗ್ಯನಾದವನನ್ನು ‘ನಾಣ್ಯಸ್ಥ’ ಎನ್ನುತ್ತಾರೆ. ಆ ಮಾತಿನ ತೂಕ ನನಗೆ ಈಗ ತಿಳಿದಿದೆ. ತಿದ್ದಿದ ಆ ರೂಪಾಯಿಯನ್ನು ‘1938, ಅಂಕೆ ಕೆತ್ತಿದ್ದು’ ಎಂದು ಬರೆದ ಲಕೋಟೆಯಲ್ಲಿ ಇಟ್ಟಿದ್ದೇನೆ. ನೋಡಬಯಸುವವರು ಕೇಳಿದರೆ ಕಾಲೇಜಿಗೆ ತರುತ್ತೇನೆ, ಮಸೂರವೂ ಜೊತೆಯಲ್ಲಿರುತ್ತದೆ.