ಬಿಸಿಲು ಕೊಂದವರ ಲೆಕ್ಕ

2010ರ ಮೇ 21ರಂದು ಗುಜರಾತಿನ ಅಹಮದಾಬಾದ್ ನಗರದಲ್ಲಿ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಸಾಮಾನ್ಯವಾಗಿ ದಿನಕ್ಕೆ ಸುಮಾರು ನೂರು ಸಾವುಗಳು ದಾಖಲಾಗುವ ಆ ಮಹಾನಗರದಲ್ಲಿ ಅಂದು ಒಂದೇ ದಿನ 310 ಮಂದಿ ತೀರಿಕೊಂಡರು. ಭೂಕಂಪವಾಗಿರಲಿಲ್ಲ, ನೆರೆ ಬಂದಿರಲಿಲ್ಲ, ಸಾಂಕ್ರಾಮಿಕ ರೋಗವೂ ಹಬ್ಬಿರಲಿಲ್ಲ. ಬೇಸಿಗೆಯಲ್ಲಿ ಬಿಸಿಲು ಇರುವುದು ಸಹಜವೇ ತಾನೇ ಎಂದು ಜನ ಅಂದುಕೊಂಡರು, ಆಡಳಿತವೂ ಹಾಗೆಯೇ ಅಂದುಕೊಂಡಿತು.

ಪ್ರಿಯ ಓದುಗರೇ, ಹವಾಮಾನ ಬದಲಾವಣೆ ಎಂದೊಡನೆ ಕರಗುವ ಹಿಮಗಡ್ಡೆ, ಏರುವ ಸಮುದ್ರ ಇವೇ ನಮ್ಮ ಕಣ್ಣಮುಂದೆ ಬರುತ್ತವೆ. ಅದು ನಮ್ಮೂರಿನ ಸರ್ಕಾರಿ ಆಸ್ಪತ್ರೆಯ ಕೆಲಸವೂ ಹೌದು ಎಂಬುದು ಎಷ್ಟು ಮಂದಿಗೆ ಗೊತ್ತು? ನಮ್ಮ ದೇಶದ ಆರೋಗ್ಯ ಇಲಾಖೆಗಳು ಈ ದಿಕ್ಕಿನಲ್ಲಿ ಯೋಜನೆ ಹಾಕಲು ಕಲಿತದ್ದು ಬಹುಮಟ್ಟಿಗೆ ಅಹಮದಾಬಾದಿನ ಆ ಮೇ ತಿಂಗಳಿನಿಂದ.

ಮೊದಲು ಮಾಡಿದ ಕೆಲಸ ಬಹಳ ಸರಳವಾದದ್ದು. ಮಹಾನಗರ ಪಾಲಿಕೆಯ ಮರಣ ನೋಂದಣಿಯ ದಾಖಲೆಗಳನ್ನು ತೆಗೆದು ತಜ್ಞರು ಎಣಿಸಿದರು. 2010ರ ಮೇ ತಿಂಗಳಲ್ಲಿ ಒಟ್ಟು 4,462 ಸಾವುಗಳು. ಅದರ ಹಿಂದಿನ ಮತ್ತು ಮುಂದಿನ ವರ್ಷಗಳ ಮೇ ತಿಂಗಳ ಸರಾಸರಿಗೆ ಹೋಲಿಸಿದಾಗ 1,344 ಸಾವುಗಳು ಹೆಚ್ಚಾಗಿದ್ದವು. ಈ ಹೆಚ್ಚುವರಿ ಸಾವುಗಳಲ್ಲಿ ಬಹುಪಾಲಿನ ಕಾರಣವಾಗಿ ಬಿಸಿಲಿನ ಹೆಸರು ಎಲ್ಲಿಯೂ ಬರೆದಿರಲಿಲ್ಲ. ಹೃದಯಾಘಾತ, ಮೂತ್ರಪಿಂಡದ ತೊಂದರೆ, ವೃದ್ಧಾಪ್ಯ ಎಂದೇ ಬರೆದಿತ್ತು. ಅವು ಸುಳ್ಳು ಎಂದಲ್ಲ. ಮೈ ಬಿಸಿಯಾದಾಗ ರಕ್ತವನ್ನು ಚರ್ಮದ ಕಡೆಗೆ ತಳ್ಳಿ ತಂಪು ಮಾಡಿಕೊಳ್ಳಲು ಹೃದಯ ಹೆಚ್ಚು ದುಡಿಯಬೇಕು, ಬೆವರಿ ಬೆವರಿ ನೀರಿನಂಶ ಕಡಿಮೆಯಾದಾಗ ಮೂತ್ರಪಿಂಡ ಸೋಲುತ್ತದೆ. ಹೀಗೆ ಮೊದಲೇ ದುರ್ಬಲವಾಗಿದ್ದ ಅಂಗವನ್ನು ಬಿಸಿಲು ಹುಡುಕಿ ಹಿಡಿಯುತ್ತದೆ. ವೈದ್ಯರ ಚೀಟಿಯಲ್ಲಿ ಆ ಅಂಗದ ಹೆಸರು ಬರುತ್ತದೆ, ಬಿಸಿಲಿನ ಹೆಸರು ಬರುವುದಿಲ್ಲ. ಪ್ರತಿ ಧರ್ಮಕೇಂದ್ರದಲ್ಲಿಯೂ ಮರಣ ದಾಖಲೆಯ ಪುಸ್ತಕವೊಂದು ಇರುತ್ತದೆ. ಅದನ್ನು ಬರೆಯುವ ನಾವು ಗುರುಗಳು ಸಹ ಮನೆಯವರು ಹೇಳಿದ ಕಾರಣವನ್ನೇ ಬರೆಯುತ್ತೇವೆ. ಮೇ ತಿಂಗಳ ಪುಟಗಳು ಬೇರೆ ತಿಂಗಳಿಗಿಂತ ಬೇಗ ತುಂಬುತ್ತವೆಯೇ ಎಂದು ಎಣಿಸಿ ನೋಡುವ ಅಭ್ಯಾಸ ನಮಗೂ ಇಲ್ಲ.

ಅದೇ ನಗರದ ಶಾರದಾಬೆನ್ ಆಸ್ಪತ್ರೆಯ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇದು ಬಡವರು ಹೆರಿಗೆಗೆ ಬರುವ ಪಾಲಿಕೆಯ ಆಸ್ಪತ್ರೆ. 2010ರ ಬೇಸಿಗೆಯ ಮೂರು ತಿಂಗಳಲ್ಲಿ ಶಾಖದ ತೊಂದರೆಯಿಂದಲೇ 24 ನವಜಾತ ಶಿಶುಗಳನ್ನು ತುರ್ತು ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ಹಿಂದಿನ ವರ್ಷ ಇದೇ ಅವಧಿಯಲ್ಲಿ ಅಂಥ ಶಿಶುಗಳು ಎಂಟು ಮಾತ್ರ. ಹುಟ್ಟಿ ಒಂದೆರಡು ದಿನವಾದ, ಬಿಸಿಲನ್ನೇ ಕಾಣದ ಮಕ್ಕಳಿಗೆ ಬಿಸಿಲಿನ ಕಾಯಿಲೆ ಹೇಗೆ ಬಂತು? ಬಾಣಂತಿಯರ ವಾರ್ಡು ಕಟ್ಟಡದ ಮೇಲಂತಸ್ತಿನಲ್ಲಿತ್ತು. ಇಡೀ ದಿನ ಕಾದ ತಾರಸಿ ರಾತ್ರಿಯೆಲ್ಲ ಕೆಳಕ್ಕೆ ಶಾಖವನ್ನು ಇಳಿಸುತ್ತಿತ್ತು. ಹಸುಗೂಸು ಬೆವರಿ ಮೈ ತಂಪು ಮಾಡಿಕೊಳ್ಳಲಾರದು, ಬಾಯಾರಿಕೆ ಎಂದು ಹೇಳಲಾರದು. ಸಾಲದ್ದಕ್ಕೆ ಮಗುವಿಗೆ ಗಾಳಿ ಸೋಕಬಾರದೆಂದು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು ನಮ್ಮ ದೇಶದ ಎಲ್ಲ ಕಡೆಯ ಅಜ್ಜಿಯರ ಪದ್ಧತಿ. ಆಸ್ಪತ್ರೆಯವರು ವಾರ್ಡನ್ನು ಕೆಳಗಿನ ಅಂತಸ್ತಿಗೆ ಸ್ಥಳಾಂತರಿಸಿದರು, ಅಷ್ಟೇ. ಹೊಸ ಔಷಧವಿಲ್ಲ, ವಿದೇಶಿ ಯಂತ್ರವಿಲ್ಲ. ಶಾಖದ ತೊಂದರೆಯಿಂದ ಘಟಕಕ್ಕೆ ಬರುವ ಶಿಶುಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದು ಎಂಬ ದೊಡ್ಡ ಮಾತಿಗೆ ಇಷ್ಟು ಚಿಕ್ಕ ಅರ್ಥವೂ ಇದೆ: ಹಾಸಿಗೆಗಳನ್ನು ಮಹಡಿಯಿಂದ ಕೆಳಗಿಳಿಸುವುದು.

ಈ ಅನುಭವಗಳ ಬಲದಿಂದ 2013ರಲ್ಲಿ ಪಾಲಿಕೆಯು ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಮೊದಲಾದವರ ಜೊತೆ ಸೇರಿ ಶಾಖ ಕ್ರಿಯಾ ಯೋಜನೆಯನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲಿ ಇಂಥದ್ದು ಇದೇ ಮೊದಲು. ಅದರ ತಿರುಳು ಇಷ್ಟು: ಉಷ್ಣಾಂಶ ಎಷ್ಟಾದಾಗ ಯಾರು ಏನು ಮಾಡಬೇಕು ಎಂಬುದನ್ನು ಬೇಸಿಗೆಗೆ ಮೊದಲೇ ಬರೆದಿಡುವುದು. 43 ಡಿಗ್ರಿ ದಾಟುವ ಸೂಚನೆಯಿದ್ದರೆ ಕಿತ್ತಳೆ ಎಚ್ಚರಿಕೆ, 45 ಮುಟ್ಟಿದರೆ ಕೆಂಪು. ಹವಾಮಾನ ಇಲಾಖೆಯ ಮುನ್ಸೂಚನೆ ಬಂದ ಕೂಡಲೇ ಅದಕ್ಕೆಂದೇ ನೇಮಕವಾದ ಒಬ್ಬ ಅಧಿಕಾರಿ ಆಸ್ಪತ್ರೆಗಳಿಗೆ, 108 ಆಂಬುಲೆನ್ಸ್‌ನವರಿಗೆ, ನೀರು ಸರಬರಾಜಿನವರಿಗೆ, ಪತ್ರಿಕೆಗಳಿಗೆ ಸುದ್ದಿ ಮುಟ್ಟಿಸಬೇಕು. ಆಸ್ಪತ್ರೆಯಲ್ಲಿ ಐಸ್ ಪ್ಯಾಕ್, ಓಆರ್‌ಎಸ್ ಪೊಟ್ಟಣ ಸಿದ್ಧವಿರಬೇಕು. ಜನಸಂದಣಿಯಿರುವ ಕಡೆ ಕುಡಿಯುವ ನೀರು ಇಡಬೇಕು. 2014 ಮತ್ತು 2015ರಲ್ಲಿ ಈ ವ್ಯವಸ್ಥೆಯಿಂದ ವರ್ಷಕ್ಕೆ ಸರಾಸರಿ 1,190 ಸಾವುಗಳು ತಪ್ಪಿರಬಹುದು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅಂದಾಜು ಎಂದೇ ಅದನ್ನು ತೆಗೆದುಕೊಳ್ಳೋಣ. ಆದರೆ ಅದು ಸಣ್ಣ ಸಂಖ್ಯೆಯಲ್ಲ.

2015ರಲ್ಲಿ ದೇಶದಲ್ಲಿ 2,000ಕ್ಕೂ ಹೆಚ್ಚು ಜನ ಬಿಸಿಗಾಳಿಗೆ ಬಲಿಯಾದಾಗ ಅವರಲ್ಲಿ ಹೆಚ್ಚಿನವರು ಆಂಧ್ರ ಮತ್ತು ತೆಲಂಗಾಣದವರು. ಆದೋನಿ, ರಾಯದುರ್ಗದ ಕಡೆಯ ಓದುಗರಿಗೆ ಆ ಬೇಸಿಗೆ ನೆನಪಿರಬಹುದು. ಮರುವರ್ಷ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಎಲ್ಲ ರಾಜ್ಯಗಳಿಗೆ ಮಾರ್ಗಸೂಚಿ ಕೊಟ್ಟಿತು. 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹವಾಮಾನ ಬದಲಾವಣೆ ಮತ್ತು ಮಾನವ ಆರೋಗ್ಯದ ಬಗ್ಗೆ ಪ್ರತ್ಯೇಕ ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿತು. ಅದರ ಪ್ರಕಾರ ಪ್ರತಿ ರಾಜ್ಯಕ್ಕೂ ಒಬ್ಬ ನೋಡಲ್ ಅಧಿಕಾರಿ, ಜಿಲ್ಲೆಗೊಂದು ಕಾರ್ಯಪಡೆ, ರಾಜ್ಯಕ್ಕೊಂದು ಲಿಖಿತ ಯೋಜನೆ ಇರಬೇಕು. ಬಿಸಿಲಿನ ಕಾಯಿಲೆಗಳ ಲೆಕ್ಕ ಆಸ್ಪತ್ರೆಗಳಿಂದ ದೆಹಲಿಗೆ ಹೋಗಬೇಕು. ಶಾಖ ಮಾತ್ರವಲ್ಲ, ಸೊಳ್ಳೆಯಿಂದ ಬರುವ ರೋಗ, ಕೆಟ್ಟ ಗಾಳಿ, ನೆರೆಯ ನಂತರದ ಕಾಯಿಲೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. 2018ರ ಮಹಾ ನೆರೆಯ ಬಳಿಕ ಕೇರಳದ ಆರೋಗ್ಯ ಕಾರ್ಯಕರ್ತರು ಇಲಿಜ್ವರ ತಡೆಯಲು ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿದ್ದು ಇಂಥ ಸಿದ್ಧತೆಗೆ ಉದಾಹರಣೆ.

ಇನ್ನು ನಮ್ಮ ಊರುಗಳ ವಿಚಾರ. 40 ಡಿಗ್ರಿ ದಾಟಿದರೆ ಮಾತ್ರ ಬಿಸಿಗಾಳಿ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕ ಹಾಗಿಲ್ಲ. ಬಯಲುಸೀಮೆಗೆ ಕನಿಷ್ಠ 40, ಕರಾವಳಿಗೆ 37, ಗುಡ್ಡಗಾಡಿಗೆ 30. ಜೊತೆಗೆ ಆ ದಿನಕ್ಕೆ ಸಹಜವಾದ ಉಷ್ಣಾಂಶಕ್ಕಿಂತ ನಾಲ್ಕೂವರೆ ಡಿಗ್ರಿಯಾದರೂ ಮೇಲಿರಬೇಕು. ಹೀಗಾಗಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಒಂದು ಅಳತೆ, ಕಾಸರಗೋಡಿನ ಕಡಲತಡಿಯವರಿಗೆ ಇನ್ನೊಂದು, ವಯನಾಡು ಮತ್ತು ನೀಲಗಿರಿಯವರಿಗೆ ಮತ್ತೊಂದು. ಕರಾವಳಿಯಲ್ಲಿ ಗಾಳಿಯ ತೇವಾಂಶದಿಂದ ಬೆವರು ಆರುವುದಿಲ್ಲ. ಬೆವರು ಸುರಿದರೆ ಸಾಲದು, ಆರಿದರೆ ಮಾತ್ರ ಮೈ ತಂಪಾಗುತ್ತದೆ. ಆದ್ದರಿಂದ ಸೊಲ್ಲಾಪುರದವನು ತಡೆದುಕೊಳ್ಳುವ ಉಷ್ಣಾಂಶದಲ್ಲಿ ಮಂಜೇಶ್ವರದ ಕೂಲಿಯಾಳು ಕುಸಿಯಬಹುದು. ಕೇರಳದ ಕಾರ್ಮಿಕ ಇಲಾಖೆ ಬೇಸಿಗೆಯಲ್ಲಿ ಬಿಸಿಲಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿಶ್ರಾಂತಿ ಕೊಡಬೇಕೆಂದು ಆದೇಶ ಹೊರಡಿಸುವುದು ಈ ಕಾರಣಕ್ಕಾಗಿಯೇ. ಮನೆ ಕಟ್ಟಿಸುವವರು, ತೋಟದ ಕೆಲಸಕ್ಕೆ ಆಳು ಕರೆಯುವವರು ನಮ್ಮಲ್ಲಿಯೂ ಇದ್ದೀರಿ. ಆದೇಶ ದೊಡ್ಡ ಕಂಟ್ರಾಕ್ಟರರಿಗೆ ಮಾತ್ರ ಎಂದುಕೊಳ್ಳಬೇಡಿ.

ಗಡಿನಾಡಿನಲ್ಲಿರುವ ನಮಗೆ ಇನ್ನೊಂದು ತೊಡಕೂ ಇದೆ. ಎಚ್ಚರಿಕೆ ಯಾವ ಭಾಷೆಯಲ್ಲಿ ಬರುತ್ತದೆ? ಮಲಯಾಳಂ, ಮರಾಠಿ, ತೆಲುಗು ಅಥವಾ ತಮಿಳಿನಲ್ಲಿ ಬಂದ ಸಂದೇಶವನ್ನು ಶಾಲೆಗೆ ಹೋಗುವ ಮಕ್ಕಳು ಓದಿಯಾರು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿ ಈಗ ಶೀಟಿನ ಮನೆಯಲ್ಲಿ ಹಗಲೆಲ್ಲ ಒಬ್ಬರೇ ಇರುವ ಅಜ್ಜಿ ಓದಲಾರರು. ಅಪಾಯ ಹೆಚ್ಚು ಇರುವುದು ಅವರಿಗೇ. ಯೋಜನೆ ಬರೆಯುವ ಅಧಿಕಾರಿಗೆ ಈ ಮನೆಗಳು ಎಲ್ಲಿವೆ ಎಂದು ತಿಳಿದಿರಲಾರದು. ಆಶಾ ಕಾರ್ಯಕರ್ತೆಗೆ ತಿಳಿದಿರುತ್ತದೆ, ನಮ್ಮ ವಾರ್ಡು ಗುರಿಕಾರರಿಗೂ ತಿಳಿದಿರುತ್ತದೆ. ಇವರಿಬ್ಬರೂ ಬೇಸಿಗೆಗೆ ಮುಂಚೆ ಒಮ್ಮೆ ಕೂತು ಒಂಟಿ ವೃದ್ಧರ ಪಟ್ಟಿ ಮಾಡಿದರೆ ಅರ್ಧ ಗಂಟೆಯ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲವೂ ಸರಿಯಾಗಿದೆ ಎಂದು ಭಾವಿಸಬೇಡಿ. ದೆಹಲಿಯ ನೀತಿ ಸಂಶೋಧನಾ ಕೇಂದ್ರವು 2023ರಲ್ಲಿ 18 ರಾಜ್ಯಗಳ 37 ಶಾಖ ಕ್ರಿಯಾ ಯೋಜನೆಗಳನ್ನು ಓದಿ ನೋಡಿತು. ಯಾರಿಗೆ ಅಪಾಯ ಹೆಚ್ಚು ಎಂದು ಸಮೀಕ್ಷೆ ಮಾಡಿದ್ದವು ಎರಡೇ ಎರಡು. ಹಣ ಎಲ್ಲಿಂದ ಬರುತ್ತದೆ ಎಂದು ಮಾತನಾಡಿದ್ದವು 11. ಹಣವಿಲ್ಲದ ಯೋಜನೆ ಕಪಾಟಿನಲ್ಲಿ ತಂಪಾಗಿಯೇ ಇರುತ್ತದೆ ಬಿಡಿ.

ಕೆಲವು ರಾಜ್ಯಗಳು ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದಿಟ್ಟಿವೆ. ಕೇರಳ 2019ರಲ್ಲಿ, ತಮಿಳುನಾಡು 2024ರಲ್ಲಿ, ತೆಲಂಗಾಣ 2025ರಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತು ಎಂದು ಘೋಷಿಸಿದವು. ಅಂದರೆ ಬಿಸಿಲಿನಿಂದ ಸತ್ತವರ ಕುಟುಂಬಕ್ಕೆ ನಾಲ್ಕು ಲಕ್ಷ ರೂಪಾಯಿ ಪರಿಹಾರ ಕೇಳುವ ದಾರಿಯಿದೆ. ಆದರೆ ಸಾವು ಬಿಸಿಲಿನಿಂದಲೇ ಆಯಿತು ಎಂಬುದಕ್ಕೆ ದಾಖಲೆ ಬೇಕು. ಮತ್ತೆ ಅದೇ ಲೆಕ್ಕದ ಪ್ರಶ್ನೆ! ಬಿಸಿಲಾಘಾತವನ್ನು ವೈದ್ಯರು ಗುರುತಿಸುವುದು ಮುಖ್ಯವಾಗಿ ಮೈಯ ತಾಪ 40 ಡಿಗ್ರಿ, ಅಂದರೆ 104 ಫ್ಯಾರನ್‌ಹೀಟ್ ಮುಟ್ಟಿರುವುದರಿಂದ ಮತ್ತು ರೋಗಿ ಪ್ರಜ್ಞೆ ತಪ್ಪಿರುವುದರಿಂದ ಅಥವಾ ತಡಬಡ ಮಾತಾಡುವುದರಿಂದ. ಗಂಟೆಗಳು ಕಳೆದ ಮೇಲೆ ಅದನ್ನು ಸಾಬೀತು ಮಾಡುವುದು ಕಷ್ಟ.

ಹೊಲದಲ್ಲಿಯೋ ಕಟ್ಟಡದ ಕೆಲಸದಲ್ಲಿಯೋ ಯಾರಾದರೂ ಕುಸಿದು ಬಿದ್ದರೆ ಮೊದಲು ನೆರಳಿಗೆ ತನ್ನಿ, ಮೈಗೆ ನೀರು ಸುರಿದು ಗಾಳಿ ಹಾಕಿ, ಕಂಕುಳು ಮತ್ತು ಕುತ್ತಿಗೆಗೆ ಐಸ್ ಇಡಿ, ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯ ಬಾಗಿಲಲ್ಲಿ ಜ್ವರಮಾಪಕ ಇಟ್ಟು ನೋಡಲು ಹೇಳಿ. ಎಷ್ಟು ಹೊತ್ತು ಬಿಸಿಲಲ್ಲಿದ್ದರು, ಎಷ್ಟು ಗಂಟೆಗೆ ಬಿದ್ದರು, ಮೈಯ ತಾಪ ಎಷ್ಟಿತ್ತು ಎಂಬ ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.