ಅಮ್ಮನ ಮೂಳೆಗೆ ಬಲ ಎಲ್ಲಿಂದ?

ಬಚ್ಚಲಲ್ಲಿ ಸ್ವಲ್ಪ ಜಾರಿದ್ದಕ್ಕೇ ಅಜ್ಜಿಯ ಮಣಿಕಟ್ಟು ಮುರಿದರೆ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತೇವೆ. ಆದರೆ ಇದಕ್ಕೆ ಮೂಳೆಸವೆತ ಕಾರಣವಾಗಿರಬಹುದು.

ಮೂಳೆಯಲ್ಲಿ ಹಳೆಯದು ಕರಗಿ ಹೊಸದು ಕಟ್ಟುವ ಕೆಲಸ ಸದಾ ನಡೆದಿರುತ್ತದೆ. ಕರಗುವಿಕೆಗೆ ಕಡಿವಾಣ ಹಾಕುವುದು ಈಸ್ಟ್ರೋಜೆನ್ ಹಾರ್ಮೋನು. ಮುಟ್ಟು ನಿಲ್ಲುವಾಗ ಅದು ಇಳಿಯುತ್ತದೆ. ನಂತರದ ಕೆಲವು ವರ್ಷ ಮೂಳೆ ಬೇಗ ಸವೆಯುತ್ತದೆ. ಆದ್ದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ೨೦೨೦ರಲ್ಲಿ ವಯಸ್ಕರಿಗೆ ದಿನಕ್ಕೆ ೧೦೦೦ ಮಿಲಿಗ್ರಾಂ, ಮುಟ್ಟು ನಿಂತವರಿಗೆ ೧೨೦೦ ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದಿತು.

ಇದಕ್ಕೆ ದುಬಾರಿ ಡಬ್ಬಿಗಳೇ ಬೇಕೆಂದಿಲ್ಲ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಎರಡು ಲೋಟ ಹಾಲು ಅಥವಾ ಮೊಸರಿನಿಂದ ೪೫೦ರಷ್ಟು ಸಿಗುತ್ತದೆ. ಒಂದು ಹಿಡಿ ನುಗ್ಗೆಸೊಪ್ಪು, ಎರಡು ಚಮಚ ಎಳ್ಳಿನ ಪುಡಿ ಸೇರಿದರೆ ಗುರಿ ಹತ್ತಿರವಾಯಿತು. ರಾಗಿಯನ್ನು ಮೊಳಕೆ ಕಟ್ಟಿದರೆ ಅದರ ಕ್ಯಾಲ್ಸಿಯಂ ದೇಹಕ್ಕೆ ಇನ್ನಷ್ಟು ಚೆನ್ನಾಗಿ ದಕ್ಕುತ್ತದೆ. ಪಾಲಕ್ ಸೊಪ್ಪಿನಲ್ಲಿರುವ ಕ್ಯಾಲ್ಸಿಯಂ ಮಾತ್ರ ಆಕ್ಸಲೇಟಿನಿಂದಾಗಿ ಹೆಚ್ಚು ದಕ್ಕುವುದಿಲ್ಲ. ಕ್ಯಾಲ್ಸಿಯಂ ಹೀರಿಕೊಳ್ಳಲು ಡಿ ಜೀವಸತ್ವ ಬೇಕು. ಅದಕ್ಕೆ ಬಿಸಿಲು ಬೇಕು. ಮೂಳೆ ಗಟ್ಟಿಯಾಗಿ ಉಳಿಯಲು ನಡಿಗೆಯೂ ಬೇಕು.

ಇನ್ನು ಗಿಡಮೂಲಿಕೆಗಳ ಮಾತು. ಮುರಿದ ಮೂಳೆ ಕೂಡಿಸುತ್ತದೆಂದು ಮಂಗರವಳ್ಳಿಗೆ ಹಿಂದಿನಿಂದಲೂ ಹೆಸರಿದೆ. ಎಣ್ಣೆಯಲ್ಲಿ ಹುರಿದು, ಹುಣಸೆಹಣ್ಣು ಸೇರಿಸಿದ ಅದರ ಚಟ್ನಿ ರುಚಿಯೂ ಹೌದು. ಆದರೆ ಮುಟ್ಟು ನಿಂತ ಮೇಲಿನ ಸವೆತವನ್ನು ಅದು ತಡೆಯುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ. ಚಟ್ನಿ ತಿನ್ನಿ, ವೈದ್ಯರು ಕೊಟ್ಟ ಔಷಧ ಬಿಟ್ಟು ಅದರ ಮಾತ್ರೆ ನುಂಗಬೇಡಿ. ಸೋಯಾದಿಂದ ತೆಗೆದ ಮಾತ್ರೆಗಳಲ್ಲಿ ಈಸ್ಟ್ರೋಜೆನ್ ಹೋಲುವ ಅಂಶಗಳಿವೆ. ಸ್ತನ ಕ್ಯಾನ್ಸರ್ ಆಗಿದ್ದವರು ವೈದ್ಯರನ್ನು ಕೇಳದೆ ಅವನ್ನು ಮುಟ್ಟಬಾರದು. ಕ್ಯಾಲ್ಸಿಯಂ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ತಾಸಿನ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನೂ ಅದರ ಜೊತೆ ನುಂಗಬೇಡಿ. ಮೂತ್ರಪಿಂಡದಲ್ಲಿ ಕಲ್ಲು ಇದ್ದವರು ವೈದ್ಯರ ಸಲಹೆ ಪಡೆದೇ ಮಾತ್ರೆ ಶುರುಮಾಡಲಿ.

ಕಾಲೇಜಿಗೆ ಹೋಗುವ ಮಗಳಿಗೂ ಈ ಮಾತು ಅನ್ವಯಿಸುತ್ತದೆ. ಹಿಂದೆ ಹಳ್ಳಿಗಳಲ್ಲಿ ಸುಗ್ಗಿಯಲ್ಲೇ ಹಗೇವಿಗೆ ರಾಗಿ ತುಂಬಿಸಿ, ಬರಗಾಲದಲ್ಲಿ ತೆಗೆಯುತ್ತಿದ್ದರು. ಮೂಳೆಯ ಸುಗ್ಗಿ ಮುಗಿಯುವುದು ಮೂವತ್ತರ ಆಸುಪಾಸಿನಲ್ಲಿ. ತೆಳ್ಳಗಾಗಬೇಕೆಂದು ಹಾಲು, ಮುದ್ದೆ ಬಿಟ್ಟ ಹುಡುಗಿ ಅರ್ಧ ತುಂಬಿದ ಹಗೇವಿನೊಂದಿಗೆ ಐವತ್ತನ್ನು ತಲುಪುತ್ತಾಳೆ. ಇಂದು ಅಮ್ಮನಿಗೆಂದು ಕಲಸಿದ ರಾಗಿ ಅಂಬಲಿಯಲ್ಲಿ ಮಗಳಿಗೂ ಒಂದು ಲೋಟ ಇರಲಿ.